ಓದುಗರ ಕಾರ್ನರ್: ಇದು ಸಿನಿಮಾನಾ, ನಾಟಕಾನಾ?

ಪ್ರಶ್ನೆ: 1930ರ ಬ್ರಿಟಿಷ್ ಕಾಮಿಡಿ ‘ರೂಕರಿ ನೂಕ್’ ನೋಡ್ದೆ ಸರ್. ನಗು ಬಂತು, ಸುಳ್ಳು ಹೇಳಲ್ಲ, ಆದ್ರೆ ಎಲ್ರೂ ಒಂದು ಬಾಗಿಲಲ್ಲಿ ಬಂದು ಇನ್ನೊಂದರಲ್ಲಿ ಹೋಗ್ತಾನೇ ಇರ್ತಾರೆ, ಕ್ಯಾಮೆರಾ ಮಾತ್ರ ಗೂಟ ಹೊಡ್ಕೊಂಡು ನಿಂತಂಗಿದೆ. ಯಾಕೆ ಹಿಂಗೆ? (ಓದುಗರು, ಶಿವಮೊಗ್ಗ)

ಉತ್ತರ: ಮುಕ್ಕಾಲು ಪಾಲು ನಾಟಕಾನೇ ಸ್ವಾಮಿ. ಬೆನ್ ಟ್ರಾವರ್ಸ್ ಬರೆದ ಈ ಫಾರ್ಸ್, ಅಂದ್ರೆ ಗಡಿಬಿಡಿ ಗೊಂದಲದ ನಗೆನಾಟಕ, 1926ರಲ್ಲಿ ಲಂಡನ್ನಿನ ಆಲ್ಡ್‌ವಿಚ್ ಥಿಯೇಟರಲ್ಲಿ ಶುರುವಾಗಿ 400ಕ್ಕೂ ಹೆಚ್ಚು ಶೋ ಓಡ್ತು, ಆಮೇಲೆ ಟಾಕಿ, ಅಂದ್ರೆ ಮಾತಾಡೋ ಸಿನಿಮಾ, ಬಂತು, ಅದೇ ಟಾಮ್ ವಾಲ್ಸ್, ರಾಲ್ಫ್ ಲಿನ್, ರಾಬರ್ಟ್‌ಸನ್ ಹೇರ್, ಮೇರಿ ಬ್ರೋ ಎಲ್ಲ ಸೀದಾ ಸ್ಟುಡಿಯೋಗೆ ಬಂದ್ರು, ಡೈರೆಕ್ಷನ್ನೂ ವಾಲ್ಸ್‌ದೇ. ಆ ಕಾಲದಲ್ಲಿ ಕ್ಯಾಮೆರಾ ಗರಗರ ಸದ್ದು ಮೈಕಿಗೆ ಬೀಳಬಾರ್ದು ಅಂತ ಅದನ್ನ ಡಬ್ಬದಂಥ ರೂಮಲ್ಲಿ ಕೂಡಿಹಾಕ್ತಿದ್ರು, ಇನ್ನು ಅದು ಓಡಾಡೋದೆಲ್ಲಿ!

ಆದ್ರೆ ನಂಗೆ ಆ ಗೂಟಾನೇ ಇಷ್ಟ. ಕಥೆ ನೋಡಿ, ಹೊಸದಾಗಿ ಮದುವೆಯಾದವ್ನು ಒಂದು ಮನೆ ಬಾಡಿಗೆಗೆ ಹಿಡಿದಿದಾನೆ, ಹೆಂಡ್ತಿ ಇನ್ನೂ ಬಂದಿಲ್ಲ, ರಾತ್ರಿ ಮಲತಂದೆ ಹೊರಗೆ ಹಾಕಿದ ಹುಡುಗಿಯೊಬ್ಳು ಪೈಜಾಮದಲ್ಲೇ ಓಡಿ ಬರ್ತಾಳೆ, ಊರಲ್ಲಿ ಹೆಂಡ್ತಿ ಒಡಹುಟ್ಟಿದವ್ಳು ಬೇರೆ ಇದಾಳೆ, ಅವ್ಳಿಗೆ ಎಲ್ಲಾದ್ರಲ್ಲೂ ಮೂಗು ತೂರಿಸ್ಬೇಕು. ಇಂಥ ಕಡೆ ಹುಡುಗಿ ಯಾವ ಬಾಗಿಲ ಹಿಂದೆ ಇದಾಳೆ ಅಂತ ನಮಗೆ ಗೊತ್ತಿರ್ಬೇಕು, ಬಂದವ್ರಿಗೆ ಗೊತ್ತಿರ್ಬಾರ್ದು. ಇಡೀ ಹಾಲ್ ಒಟ್ಟಿಗೆ ಕಂಡ್ರೇನೇ ಅದು ನಡೆಯೋದು, ಮುಖದ ಹತ್ರ ಹೋಗಿ ಕೂತ್ರೆ ಬಾಗಿಲು ಮರೆಯಾಗುತ್ತೆ. ಕಷ್ಟ ಇದ್ದಿದ್ದು ನಟರಿಗೆ, ಥಿಯೇಟರಲ್ಲಿ ಜನ ನಕ್ಕು ಮುಗಿಸೋವರೆಗೆ ಕಾದು ಮುಂದಿನ ಡೈಲಾಗ್ ಹೇಳ್ತಿದ್ದೋರು, ಸ್ಟುಡಿಯೋದಲ್ಲಿ ಯಾರೂ ಉಸಿರೂ ಬಿಡಂಗಿಲ್ಲ, ಅಂದಾಜಲ್ಲೇ ನಿಲ್ಲಿಸ್ಬೇಕು.

ನಮ್ಮ ಮೊದಲ ಟಾಕಿ ‘ಸತಿ ಸುಲೋಚನ’ದಲ್ಲೂ (1934) ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರು ಕಂಪನಿ ನಾಟಕದಿಂದ ಬಂದವ್ರೇ ಅಲ್ವಾ.

ಪ್ರಶ್ನೆ: ಇದೇ ಟೀಮಿನ ಬೇರೆ ಸಿನಿಮಾ ಹೇಳಿ. (ಅದೇ ಓದುಗರು)

ಉತ್ತರ: ‘ಥಾರ್ಕ್’ (1932), ದೆವ್ವದ ಮನೆ ಕಾಮಿಡಿ. ಅಂದಹಾಗೆ ಅದೇ ವರ್ಷ ವಾಲ್ಸ್ ಸಾಹೇಬ್ರ ಕುದುರೆ ‘ಏಪ್ರಿಲ್ ದ ಫಿಫ್ತ್’ ಇಂಗ್ಲೆಂಡಿನ ದೊಡ್ಡ ಕುದುರೆ ರೇಸು ಎಪ್ಸಮ್ ಡರ್ಬಿನೇ ಗೆದ್ಬಿಡ್ತು. ಕ್ಯಾಮೆರಾ ಓಡ್ದಿದ್ರೇನಂತೆ!