ಹೊಗೆ ಹೋದ ಮೇಲಿನ ಕೆಂಡ

ದೀಪಾವಳಿ ಮುಗಿದು ಚಳಿ ಬಿತ್ತು ಅಂದರೆ ಸಾಕು, ಕೆಂಡ, ಹೊಗೆ, ಗೀಸರ್ ಬಗ್ಗೆ ನನಗೆ ಅವೇ ಪ್ರಶ್ನೆಗಳು ಬರಲು ಶುರುವಾಗುತ್ತವೆ. ಹುಬ್ಬಳ್ಳಿಯಲ್ಲಿ ತುರ್ತು ಚಿಕಿತ್ಸೆಯ ವಾರ್ಡಿನಲ್ಲಿ ಕೆಲಸ ಮಾಡುವವನು ನಾನು. ಹೋದ ವರ್ಷ ಉತ್ತರ ಕೊಟ್ಟಿದ್ದೆ, ಅದರ ಹಿಂದಿನ ವರ್ಷವೂ ಕೊಟ್ಟಿದ್ದೆ, ಈ ವರ್ಷ ಮತ್ತೆ ಅವೇ ಬಂದಿವೆ. ಅದಕ್ಕೆ ಈ ಸಲ ಒಂದೇ ಪ್ರಶ್ನೆ ಹಿಡಿದು ಕೂತಿದ್ದೇನೆ. ಉಳಿದವರಿಗೆ ಒಂದೆರಡು ಸಾಲು ಅಷ್ಟೇ, ಬೇಜಾರಾಗಬೇಡಿ. ಇವುಗಳಿಂದ ಬರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ ಅನ್ನುವುದನ್ನೆಲ್ಲ ಮತ್ತೆ ಬರೆಯುವುದಿಲ್ಲ. ಅದು ನಿಮ್ಮ ಮಕ್ಕಳ ಪಾಠದಲ್ಲೇ ಇದೆ.

ಹಾವೇರಿ ಜಿಲ್ಲೆಯ ಒಂದು ಹಳ್ಳಿಯಿಂದ ತಾಯಿಯೊಬ್ಬರು ಕೇಳಿದ್ದಾರೆ: "ಮಗಳು ಬಾಣಂತನಕ್ಕೆ ಬಂದಿದ್ದಾಳೆ. ಕೂಸಿಗೆ ಇಪ್ಪತ್ತು ದಿನ. ದಿನಾ ಎರಡು ಹೊತ್ತು ಹೊರಸಿನ (ಮಂಚದ) ಕೆಳಗೆ ಶೆಗಡಿ (ಕೆಂಡದ ಅಗ್ಗಿಷ್ಟಿಕೆ) ಇಡುತ್ತೇವೆ. ಹೊಗೆ ಪೂರ್ತಿ ಹೋದ ಮೇಲೇ ಒಳಗೆ ತರುತ್ತೇವೆ, ಗಾಳಿ ಬರಬಾರದು ಅಂತ ಬಾಗಿಲು ಹಾಕುತ್ತೇವೆ. ಮಗಳು ತಲೆನೋವು, ವಾಕರಿಕೆ ಅನ್ನುತ್ತಾಳೆ. ಅತ್ತೆಯವರು ಶೀತ ಹಿಡಿದಿದೆ, ಶೆಗಡಿ ಇನ್ನೂ ಸ್ವಲ್ಪ ಹೊತ್ತು ಇರಲಿ ಅನ್ನುತ್ತಾರೆ. ನಾವೆಲ್ಲ ಹೀಗೇ ಬೆಳೆದವರು, ಏನಾದರೂ ತೊಂದರೆ ಇದೆಯೇ?"

ಇದೆ. ಇದನ್ನು ಓದುವ ಹೊತ್ತಿಗೆ ಶೆಗಡಿ ಒಳಗಿದ್ದರೆ ಮೊದಲು ಹೊರಗೆ ಇಟ್ಟು ಬನ್ನಿ, ಆಮೇಲೆ ಮುಂದೆ ಓದಿ.

ನನಗೆ ಸಿಟ್ಟು ಬರುವುದು "ಹೊಗೆ ಹೋದ ಮೇಲೇ" ಅನ್ನುವ ಮಾತಿಗೆ. ಈ ಪ್ರಶ್ನೆ ಕೇಳುವ ಪ್ರತಿಯೊಬ್ಬರೂ ಅದನ್ನು ಹೇಳುತ್ತಾರೆ, ಅದೂ ಬಹಳ ಜಾಗರೂಕರಾಗಿದ್ದೇವೆ ಅನ್ನುವ ಧಾಟಿಯಲ್ಲಿ. ಅಂಗಳದಲ್ಲಿ ಕುಳ್ಳು, ಇದ್ದಿಲು ಹೊತ್ತಿಸಿ, ಬೀಸಣಿಗೆಯಿಂದ ಗಾಳಿ ಹಾಕಿ, ಕೆಂಪಗಾದ ಮೇಲೆ "ಹೊಗಿ ಹೋಗೇತಿ, ಇನ್ನ ಒಳಗ ತರ್ರಿ" ಅನ್ನುವುದು ನಮ್ಮ ಕಡೆ ಎಲ್ಲ ಮನೆಯಲ್ಲೂ ಇದೆ. ಹೊಗೆ ಕಣ್ಣಿಗೆ ಕಾಣುತ್ತದೆ, ಕಣ್ಣು ಉರಿಸುತ್ತದೆ, ಕೆಮ್ಮು ಬರಿಸುತ್ತದೆ. ನೀವೇ ಎದ್ದು ಬಾಗಿಲು ತೆಗೆಯುತ್ತೀರಿ. ಅಂದರೆ ಹೊಗೆ ಕೆಟ್ಟದ್ದಾದರೂ ಹೇಳಿ ಬರುವ ಕಳ್ಳ. ಹೊಗೆ ಹೋದ ಮೇಲೆ ಉಳಿದ ಕೆಂಡ ಇದೆಯಲ್ಲ, ಅದು ಏನನ್ನೂ ಹೇಳುವುದಿಲ್ಲ.

ಕೆಂಡದೊಳಗೆ ಏನಾಗುತ್ತದೆ ಅಂತ ನೋಡಿ. ಕೆಳಗಿನಿಂದ ಹೋದ ಗಾಳಿ ಇದ್ದಿಲಿನ ಜೊತೆ ಉರಿದು ಮೊದಲು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಅದು ಮೇಲಿನ ಕೆಂಪು ಕೆಂಡಗಳ ಸಂದಿಯಲ್ಲಿ ಹಾದು ಬರುವಾಗ ಇನ್ನೊಂದು ಪಾಲು ಇದ್ದಿಲನ್ನು ಹಿಡಿದುಕೊಂಡು ಕಾರ್ಬನ್ ಮೊನಾಕ್ಸೈಡ್ ಆಗಿ ಹೊರಗೆ ಬರುತ್ತದೆ. ಕತ್ತಲಲ್ಲಿ ಶೆಗಡಿಯ ಮೇಲೆ ಸಣ್ಣ ನೀಲಿ ಜ್ವಾಲೆ ಕುಣಿಯುವುದನ್ನು ನೋಡಿದ್ದೀರಲ್ಲ? ಅದು ಈ ಅನಿಲವೇ ಉರಿಯುವುದು. ಆ ನೀಲಿ ಜ್ವಾಲೆಯೂ ಆರಿ, ಮೇಲೆ ಬಿಳಿ ಬೂದಿ ಕೂತು, "ಈಗ ಹದವಾಗಿದೆ" ಅಂತ ನೀವು ಹೊರಸಿನ ಕೆಳಗೆ ತಳ್ಳುತ್ತೀರಿ. ಆಗ ಅದು ಉರಿಯದೆ ಹಾಗೇ ಕೋಣೆಗೆ ಸೇರುತ್ತದೆ. ಬೂದಿ ಮುಚ್ಚಿದ ಕೆಂಡ ಅನ್ನುವ ಮಾತು ನಮ್ಮಲ್ಲಿ ಸುಮ್ನೆ ಹುಟ್ಟಿಲ್ಲ. ಅದರ ಮೇಲೆ ಹಗ್ಗದ ಹೊರಸು. ಬಿಸಿ ಗಾಳಿ ಮೇಲೇಳುತ್ತದೆ, ಅನಿಲವೂ ಅದರ ಜೊತೆಗೇ ಏಳುತ್ತದೆ, ಹಗ್ಗದ ಸಂದಿಯಿಂದ ನೇರವಾಗಿ ತಾಯಿ ಮಗುವಿನ ಮೂಗಿಗೆ.

ಇನ್ನು ಮೈಯೊಳಗೆ. ರಕ್ತದ ಹಿಮೋಗ್ಲೋಬಿನ್ ಅಂದರೆ ಆಮ್ಲಜನಕ ಹೊತ್ತು ಹೋಗುವ ಬಸ್ಸು ಅಂದುಕೊಳ್ಳಿ. ಕಾರ್ಬನ್ ಮೊನಾಕ್ಸೈಡ್ ಕಿಟಕಿಯಿಂದ ಟವಲ್ ಹಾಕಿ ಸೀಟು ಹಿಡಿಯುವ ಪೈಕಿ. ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಿಗಿಯಾಗಿ ಕೂರುತ್ತದೆ, ಬೇಗ ಏಳುವುದೂ ಇಲ್ಲ. ಹೊರಗಿನ ಒಳ್ಳೆಯ ಗಾಳಿಗೆ ಬಂದರೂ ರಕ್ತದಲ್ಲಿ ಅದು ಅರ್ಧಕ್ಕೆ ಇಳಿಯಲು 4-5 ಗಂಟೆ ಬೇಕು. ಆಸ್ಪತ್ರೆಯಲ್ಲಿ ಬಿಗಿಯಾದ ಮಾಸ್ಕ್ ಹಾಕಿ ಪೂರ್ತಿ ಆಮ್ಲಜನಕ ಕೊಟ್ಟರೆ ಒಂದು, ಒಂದೂವರೆ ಗಂಟೆ. ಬೆಳಿಗ್ಗೆ ಒಂದು ಶೆಗಡಿ, ಸಂಜೆ ಇನ್ನೊಂದು ಅಂದರೆ, ಬೆಳಗಿನದು ಪೂರ್ತಿ ಇಳಿಯುವ ಮೊದಲೇ ಸಂಜೆಯದು ಹತ್ತುತ್ತದೆ. ಕೂಸಿನ ಉಸಿರಾಟ ನಮಗಿಂತ ವೇಗ, ಅದಕ್ಕೇ ಬೇಗ ತುಂಬಿಕೊಳ್ಳುತ್ತದೆ. ತಲೆನೋವು ಅಂತ ಹೇಳಲು ಅದಕ್ಕೆ ಬಾಯಿ ಇಲ್ಲ. ಮೊಲೆ ಹಿಡಿಯುವುದಿಲ್ಲ, ಮಂಕಾಗಿ ಮಲಗಿರುತ್ತದೆ, ಮನೆಯವರು "ಶಾಖಕ್ಕೆ ಎಷ್ಟು ಚೆನ್ನಾಗಿ ನಿದ್ದೆ ಮಾಡುತ್ತಿದೆ" ಅನ್ನುತ್ತಾರೆ.

"ನಾವು ಹೀಗೇ ಬೆಳೆದವರು" ಅನ್ನುವುದಕ್ಕೆ ಉತ್ತರ ಕೊಡಬೇಕು, ಅದು ಪೂರ್ತಿ ಸುಳ್ಳಲ್ಲ. ನಿಮ್ಮ ಅಜ್ಜಿ ಬಾಣಂತಿಯಾಗಿದ್ದ ಮನೆ ಎಂಥದ್ದು? ಮಣ್ಣಿನ ಮಾಳಿಗೆ, ನಡುವೆ ಬೆಳಕಿಂಡಿ, ಇಲ್ಲವೆಂದರೆ ಹಂಚಿನ ಮಾಡು, ಸಂದಿಯಿಂದ ಬಿಸಿಲು ಕೋಲಾಗಿ ಬೀಳುತ್ತಿತ್ತು. ಬಾಗಿಲಿನ ಹಲಗೆಗಳ ನಡುವೆ ಬೆರಳು ತೂರುತ್ತಿತ್ತು. ಮನೆಯೇ ಉಸಿರಾಡುತ್ತಿತ್ತು. ಈಗ ನೀವು ಕಟ್ಟಿಸಿದ್ದು ಆರ್‌ಸಿಸಿ ಸ್ಲ್ಯಾಬ್, ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿ, ಹತ್ತು ಬೈ ಹತ್ತರ ಕೋಣೆ. ಅದರ ಮೇಲೆ ಬಾಗಿಲ ಬುಡಕ್ಕೆ ಹಳೇ ಸೀರೆ ತುರುಕುತ್ತೀರಿ. ಪದ್ಧತಿ ಅದೇ ಉಳಿದಿದೆ, ಮನೆ ಬದಲಾಗಿದೆ. ಆಗಿನ ಕಾಲದಲ್ಲೂ ಎಲ್ಲರೂ ಬದುಕಿದರು ಅಂತ ನಾನು ನಂಬುವುದಿಲ್ಲ. ಬಾಣಂತಿ ಮಂಕಾದರೆ "ಸನ್ನಿ", ಕೂಸು ಹೋದರೆ "ಬಾಲಗ್ರಹ". ಅದರಲ್ಲಿ ಎಷ್ಟು ಶೆಗಡಿಯದ್ದೋ, ಯಾರು ಲೆಕ್ಕ ಇಟ್ಟಿದ್ದರು?

ಕೆಲವು ವರ್ಷದ ಹಿಂದೆ ನಡೆದದ್ದು ಹೇಳುತ್ತೇನೆ. ಬೆಳಗಿನ ಜಾವ ಒಂದೇ ಮನೆಯ ಮೂವರು ಬಂದರು. ವಾಂತಿ, ತಲೆನೋವು, ಕಾಲಲ್ಲಿ ಶಕ್ತಿ ಇಲ್ಲ. ಹಿಂದಿನ ದಿನ ತೊಟ್ಟಿಲ ಕಾರ್ಯಕ್ರಮ, ಗೋದಿ ಹುಗ್ಗಿ ಊಟ. ಹುಗ್ಗಿ ಕೆಟ್ಟಿರಬೇಕು ಅಂದರು. ನಾನೂ ಹಾಗೇ ಬರೆದುಕೊಂಡೆ, ಸಲೈನ್ ಹಚ್ಚಿಸಿದೆ. ಬೆರಳಿಗೆ ಹಾಕುವ ಆಕ್ಸಿಮೀಟರ್ ಮೂವರಿಗೂ 98, 99 ತೋರಿಸುತ್ತಿತ್ತು. ಅವರನ್ನು ಕರೆತಂದ ಅಜ್ಜ ಬಾಗಿಲ ಹತ್ತಿರ ನಿಂತು, "ಸಾಹೇಬ್ರ, ಹುಗ್ಗಿ ಎಲ್ಲಾರಕಿಂತ ಜಾಸ್ತಿ ಉಂಡಾಂವ ನಾನ, ನನಗೇನೂ ಆಗಿಲ್ಲಲ್ಲ" ಅಂದ. ಎಲ್ಲಿ ಮಲಗಿದ್ದೆ ಅಜ್ಜ ಅಂದೆ. ಪಡಸಾಲೆಯಲ್ಲಿ. ಉಳಿದವರು? ಬಾಣಂತಿ ಕೋಣೆಯಲ್ಲಿ, ಶೆಗಡಿ ಇಟ್ಟುಕೊಂಡು. ಕೂಸು ಎಲ್ಲಿ ಅಂತ ಆಗ ಹೊಳೆಯಿತು. ಅದು ಹೊರಗೆ ಅತ್ತೆಯ ಮಡಿಲಲ್ಲಿ ಮಲಗಿತ್ತು, ಎಬ್ಬಿಸಿದರೆ ಏಳುತ್ತಿರಲಿಲ್ಲ. ಆಮ್ಲಜನಕ ಕೊಟ್ಟ ಮೇಲೆ ಎದ್ದು ಅತ್ತಿತು, ಉಳಿಯಿತು. ಅಜ್ಜ ಬಾಯಿ ಬಿಡದಿದ್ದರೆ ನಾನು ಅವರನ್ನೆಲ್ಲ ವಾಂತಿ ಮಾತ್ರೆ ಕೊಟ್ಟು ಅದೇ ಕೋಣೆಗೆ ವಾಪಸ್ ಕಳಿಸುತ್ತಿದ್ದೆ.

ಅದಕ್ಕೇ ಆಕ್ಸಿಮೀಟರ್ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಕೊರೊನಾ ಕಾಲದಿಂದ ಎಲ್ಲರ ಮನೆಯಲ್ಲೂ ಒಂದಿದೆ. ಆ ಮೀಟರ್ ರಕ್ತದ ಕೆಂಪು ನೋಡಿ ಲೆಕ್ಕ ಹಾಕುತ್ತದೆ, ಟವಲ್ ಹಾಕಿ ಕೂತವರನ್ನೂ ಟಿಕೆಟ್ ತೆಗೆದ ಪ್ರಯಾಣಿಕರು ಅಂತಲೇ ಎಣಿಸುತ್ತದೆ. ಸಾಯುತ್ತಿರುವವನಿಗೂ 98 ತೋರಿಸಬಹುದು. ಗೊತ್ತಾಗುವುದು ರಕ್ತದ ಬೇರೆ ಪರೀಕ್ಷೆಯಲ್ಲಿ. ವೈದ್ಯರು ಅದನ್ನು ಮಾಡಿಸಬೇಕು ಅಂದರೆ ನೀವು "ಕೋಣೆಯಲ್ಲಿ ಕೆಂಡ ಇತ್ತು" ಅಂತ ಬಾಯಿ ಬಿಟ್ಟು ಹೇಳಬೇಕು. ಮೈ ಕೆಂಪಾಗುತ್ತದೆ ಅಂತ ಎಲ್ಲೋ ಓದಿದವರು ಅದಕ್ಕೆ ಕಾಯಬೇಡಿ, ಬದುಕಿರುವವರಲ್ಲಿ ಅದು ಕಾಣುವುದು ಅಪರೂಪ.

ಇನ್ನು ನಿಮ್ಮ ಮಗಳ ತಲೆನೋವು. ಕೋಣೆಯಲ್ಲಿ ಜಾಸ್ತಿ, ಹೊರಗೆ ಬಂದು ಸ್ವಲ್ಪ ಹೊತ್ತಾದರೆ ಕಡಿಮೆ, ಜೊತೆಗೆ ಮಲಗುವವರಿಗೂ ಅದೇ ಅಂದರೆ ನನ್ನ ಅನುಮಾನ ಶೆಗಡಿಯ ಮೇಲೆ. ಸಿಸೇರಿಯನ್‌ಗೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟ ಮೇಲೆ ಬರುವ ತಲೆನೋವು ಬೇರೆ. ಅದು ಎದ್ದು ಕೂತರೆ ಜಾಸ್ತಿ, ಮಲಗಿದರೆ ಕಡಿಮೆ, ಶುರುವಾಗುವುದು ಸಾಮಾನ್ಯವಾಗಿ ಮೊದಲ ಕೆಲವು ದಿನಗಳಲ್ಲೇ. ಕಣ್ಣು ಮಂಜಾಗುವುದು, ಹೊಟ್ಟೆಯ ಮೇಲ್ಭಾಗ ನೋಯುವುದು ಜೊತೆಗಿದ್ದರೆ ಬಿಪಿ ಏರಿರಬಹುದು. ಹೆರಿಗೆಯಾಗಿ ವಾರಗಳಾದ ಮೇಲೂ ಏರುತ್ತದೆ, ಅದು ಜೀವಕ್ಕೇ ಕುತ್ತು. ಈ ಮೂರರಲ್ಲಿ ಯಾವುದು ಅಂತ ಮನೆಯಲ್ಲಿ ಕೂತು ಚರ್ಚೆ ಮಾಡಬೇಡಿ, ಇವತ್ತೇ ತೋರಿಸಿ. ಈರುಳ್ಳಿ ಮೂಸಿಸುವುದು, ಮಜ್ಜಿಗೆ ಕುಡಿಸುವುದು, ನಿಂಬೆಹಣ್ಣು ನಿವಾಳಿಸುವುದು ಯಾವುದೂ ರಕ್ತದಿಂದ ಈ ಅನಿಲವನ್ನು ಇಳಿಸುವುದಿಲ್ಲ. ಬಾಣಂತಿಗೆ "ವಾಯು ಇಳಿಸುವ" ಪುಡಿ ಮಾರುವ ಒಬ್ಬ ಮಹಾಶಯ, ತಲೆನೋವು ಬಂತೆಂದರೆ ಒಳಗಿನ ಶೀತ ಹೊರಗೆ ಬರುತ್ತಿದೆ ಎಂದರ್ಥ ಅಂತ ಹೇಳಿ ಕಳಿಸಿದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಅವನ ಕೋಣೆಯಲ್ಲೇ ಒಂದು ಶೆಗಡಿ ಇಟ್ಟು ಬಾಗಿಲು ಹಾಕಬೇಕು ಅನಿಸಿತ್ತು.

ಶಾಖ ಬೇಡ ಅಂತ ನಾನು ಹೇಳುತ್ತಿಲ್ಲ. ಧಾರವಾಡದ ಡಿಸೆಂಬರ್ ರಾತ್ರಿ 13-14 ಡಿಗ್ರಿಗೆ ಇಳಿಯುತ್ತದೆ, ಕೂಸಿಗೆ ಬೆಚ್ಚಗೆ ಬೇಕೇ ಬೇಕು. ಎದೆಗೆ ಅಂಟಿಸಿ ಮಲಗಿಸಿಕೊಳ್ಳಿ, ಮೇಲೆ ಕೌದಿ ಹೊದೆಯಿರಿ, ಆದರೆ ಕೂಸಿನ ಮುಖ ಮುಚ್ಚಬೇಡಿ, ತಾಯಿಗೆ ನಿದ್ದೆ ಬಂದರೆ ಪಕ್ಕಕ್ಕೆ ಮಲಗಿಸಿ. ಟೋಪಿ, ಕಾಲುಚೀಲ ಹಾಕಿ. ಮಗಳಿಗೆ ಸೊಂಟಕ್ಕೆ ಶಾಖ ಬೇಕು ಅಂದರೆ ಉಪ್ಪನ್ನು ಅಡುಗೆಮನೆಯಲ್ಲಿ ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ತನ್ನಿ. ಬಿಸಿ ಮಾತ್ರ ಕೋಣೆಗೆ ಬರಲಿ, ಬೆಂಕಿ ಬೇಡ. ಕರೆಂಟ್ ಇದ್ದರೆ ಎಣ್ಣೆ ತುಂಬಿದ ರೂಮ್ ಹೀಟರ್ ಒಳ್ಳೆಯದು. ಬಟ್ಟೆ ಒಣಗಿಸಲು ಅದರ ಮೇಲೆ ಹಾಕಬೇಡಿ. ಅತ್ತೆಯವರು ಒಪ್ಪುವುದೇ ಇಲ್ಲ ಅಂದರೆ ಶೆಗಡಿಯನ್ನು ಅಂಗಳದಲ್ಲೇ ಇಟ್ಟು, ಬಿಸಿಲಿರುವಾಗ ಮಗಳು ಅಲ್ಲೇ ಹೋಗಿ ಕಾಯಿಸಿಕೊಳ್ಳಲಿ. "ಕಿಟಕಿ ಸ್ವಲ್ಪ ತೆಗೆದಿರುತ್ತೇವಲ್ಲ" ಅಂತ ಚೌಕಾಸಿ ಮಾಡುತ್ತಾರೆ. ಸ್ವಲ್ಪ ಅಂದರೆ ಎಷ್ಟು? ನನಗೆ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ, ಮಧ್ಯರಾತ್ರಿ ಚಳಿ ಅಂತ ಎದ್ದು ಅದನ್ನೂ ಮುಚ್ಚುವವರಿಗೆ ಮೊದಲೇ ಗೊತ್ತಿಲ್ಲ. ನನ್ನ ಮಗಳ ಬಾಣಂತನದಲ್ಲಿ ಒಂದು ಊದಿನಕಡ್ಡಿಯನ್ನೂ ಆ ಕೋಣೆಗೆ ಬಿಟ್ಟಿರಲಿಲ್ಲ. ಬೀಗರು ಇನ್ನೂ ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ.

ಒಳಗೆ ಯಾರಾದರೂ ಎಚ್ಚರ ತಪ್ಪಿ ಬಿದ್ದಿದ್ದರೆ, ಬಾಗಿಲು ಕಿಟಕಿ ಒಡೆದಾದರೂ ತೆಗೆದು, ಅವರನ್ನು ಬಯಲಿಗೆ ಎಳೆದು ತಂದು 108ಕ್ಕೆ ಫೋನ್ ಮಾಡಿ. ಒಳಗೇ ಕೂತು ನೀರು ಚಿಮುಕಿಸುತ್ತಾ ಇರಬೇಡಿ, ಎಬ್ಬಿಸಲು ಹೋದವರೂ ಅಲ್ಲೇ ಬೀಳುತ್ತಾರೆ. ಹುಷಾರಾಗಿ ಮನೆಗೆ ಬಂದ ಕೆಲವರಿಗೆ ಕೆಲವು ದಿನ, ಕೆಲವು ವಾರ ಬಿಟ್ಟು ಮರೆವು, ನಡಿಗೆಯಲ್ಲಿ ತೊಡಕು, ಸ್ವಭಾವದಲ್ಲಿ ಬದಲಾವಣೆ ಕಾಣುತ್ತದೆ. ಕಂಡರೆ ಮತ್ತೆ ಕರೆದುಕೊಂಡು ಬನ್ನಿ.

ಕೂಸಿಗೆ ಲೋಬಾನ, ಅಜವಾನ, ಬೆಳ್ಳುಳ್ಳಿ ಸಿಪ್ಪೆಯ ಹೊಗೆ ಹಾಕಬಹುದೇ ಅಂತ ಗದಗದಿಂದ ನಾಲ್ಕು ಜನ ಕೇಳಿದ್ದಾರೆ. ಬೇಡ. ತಲೆಗೂದಲು ಟವೆಲ್ಲಿನಿಂದ ಒರೆಸಿದರೂ ಒಣಗುತ್ತದೆ.

ಹುಬ್ಬಳ್ಳಿಯ ಫ್ಲ್ಯಾಟಿನವರೊಬ್ಬರು: "ಬಾತ್‌ರೂಮಿನೊಳಗೆ ಗ್ಯಾಸ್ ಗೀಸರ್ ಇದೆ, ಎಕ್ಸಾಸ್ಟ್ ಫ್ಯಾನ್ ಇದೆ, ಸಾಕಲ್ಲವೇ?" ಸಾಲದು. ಚಿಕ್ಕ ಬಾತ್‌ರೂಮು, ಬಾಗಿಲು ಭದ್ರ, ಹತ್ತು ನಿಮಿಷದ ಬಿಸಿನೀರು. ಗೀಸರ್ ಕೋಣೆಯ ಆಮ್ಲಜನಕ ತಿನ್ನುತ್ತಾ ಹೋದಂತೆ ಜ್ವಾಲೆ ಸರಿಯಾಗಿ ಉರಿಯುವುದಿಲ್ಲ, ವಿಷ ಹೆಚ್ಚುತ್ತದೆ. ಫ್ಯಾನ್ ಹೊರಗೆ ತಳ್ಳಬೇಕೆಂದರೆ ಎಲ್ಲಿಂದಲೋ ಗಾಳಿ ಒಳಗೂ ಬರಬೇಕಲ್ಲ? ಫಿಟ್ ಮಾಡಿದವನು "ಏನೂ ಆಗಲ್ಲ ಸರ್" ಅಂದನಂತೆ. ಅವನು ಅದರಲ್ಲಿ ಸ್ನಾನ ಮಾಡುವುದಿಲ್ಲ. ಗೀಸರನ್ನು ಹೊರಗಿನ ಯುಟಿಲಿಟಿಗೆ ಹಾಕಿಸಿ, ಪೈಪಿನಲ್ಲಿ ನೀರು ಮಾತ್ರ ಒಳಗೆ ಬರಲಿ. ಆಗದಿದ್ದರೆ ಕರೆಂಟಿನ ಗೀಸರ್ ಕೊಳ್ಳಿ. ಅಲ್ಲಿಯವರೆಗೆ ಬಾಗಿಲು ತೆಗೆದು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಆಮೇಲೆ ಸ್ನಾನ.

ಗ್ಯಾಸ್ ಸೋರಿದರೆ ಕೂಗುವ ಅಲಾರಂ ಇದೆ, ಅದು ಸಾಕೇ? ಅದು ಸಿಲಿಂಡರಿನ ಗ್ಯಾಸಿಗೆ. ಆ ಗ್ಯಾಸ್ ಗಾಳಿಗಿಂತ ಭಾರ, ನೆಲದ ಹತ್ತಿರ ಕೂರುತ್ತದೆ, ಅದಕ್ಕೆ ಆ ಅಲಾರಂ ಕೆಳಗಿರಬೇಕು. ಹೊಗೆಯ ಅಲಾರಂ ಚಾವಣಿಗೆ. ಕಾರ್ಬನ್ ಮೊನಾಕ್ಸೈಡ್ ಹೆಚ್ಚು ಕಡಿಮೆ ಗಾಳಿಯಷ್ಟೇ ತೂಕ, ಎಲ್ಲ ಕಡೆ ಬೆರೆಯುತ್ತದೆ. ಅದರ ಅಲಾರಂ ಬೇರೆಯೇ ಇದೆ, ಮಲಗುವ ಜಾಗದ ಹತ್ತಿರ ಹಾಕಿ. ಡಬ್ಬಿಯ ಮೇಲಿನ ಅವಧಿ ನೋಡಿ, ಒಳಗಿನ ಸೆನ್ಸರ್ ಐದರಿಂದ ಹತ್ತು ವರ್ಷಕ್ಕೆ ಸಾಯುತ್ತದೆ. ಅಲಾರಂ ಇದೆಯಲ್ಲ ಅಂತ ಶೆಗಡಿ ಒಳಗೆ ತರಬೇಡಿ ಮತ್ತೆ.

ಕಟ್ಟಿಗೆ ಒಲೆಯ ರೊಟ್ಟಿಯ ರುಚಿ ಗ್ಯಾಸಿನಲ್ಲಿ ಬರುವುದಿಲ್ಲ ಅನ್ನುವವರಿಗೆ: ಒಪ್ಪಿದೆ, ನಾನೂ ಅದನ್ನೇ ತಿನ್ನುವವನು. ಒಲೆಯನ್ನು ಹಿತ್ತಲಿಗೆ ಹಾಕಿ. ರುಚಿ ನಿಮ್ಮದು, ಶ್ವಾಸಕೋಶ ಮಾತ್ರ ರೊಟ್ಟಿ ಬಡಿಯುವವಳದ್ದು ಅಂದರೆ ಹೇಗೆ?

ಕರೆಂಟ್ ಹೋದಾಗ ಅಂಗಡಿಯ ಶಟರ್ ಅರ್ಧ ಎಳೆದು ಒಳಗೆ ಜನರೇಟರ್ ಹಚ್ಚಬಹುದೇ? ಇಲ್ಲ, ಇಲ್ಲ, ಇಲ್ಲ.

ಒದ್ದೆ ಬಟ್ಟೆ ಮೂಗಿಗೆ ಕಟ್ಟಿದರೆ? ಮಸಿ ಸ್ವಲ್ಪ ತಡೆಯಬಹುದು, ಅನಿಲ ತಡೆಯುವುದಿಲ್ಲ. ಮನೆಗೆ ಬೆಂಕಿ ಬಿದ್ದರೆ ಬಟ್ಟೆ ಹುಡುಕುತ್ತಾ ನಿಲ್ಲದೆ, ಬಗ್ಗಿ ತೆವಳಿಕೊಂಡು ಹೊರಗೆ ಬನ್ನಿ.

ಕೋಣೆಯಲ್ಲಿ ಸ್ನೇಕ್ ಪ್ಲಾಂಟ್ ಇಟ್ಟರೆ ವಿಷಗಾಳಿ ಹೀರುತ್ತದಂತೆ, ಹೌದೇ? ಇಡಿ, ಚೆಂದ ಕಾಣುತ್ತದೆ. ನೀರು ಜಾಸ್ತಿ ಹಾಕಬೇಡಿ, ಬೇರು ಕೊಳೆಯುತ್ತದೆ.