ಪಿಎಸ್4 ಬಿಟ್ಟು ಗೇಮಿಂಗ್ ಪಿಸಿಗೆ ಬರುವವರು ಮೊದಲು ಏನೇನು ತಿಳಿದಿರಬೇಕು?

ಆರೇಳು ವರ್ಷ ಪಿಎಸ್4ನಲ್ಲಿ ಆಡಿದ್ದೀರಿ. ಈಗ ಪಿಸಿ ತೆಗೆದುಕೊಳ್ಳಬೇಕು ಅಂತಿದ್ದೀರಿ. ಕೀಬೋರ್ಡ್ ಮುಂದೆ ಕೂತರೆ ಬೆರಳು ಓಡುವುದಿಲ್ಲ ಅಂತೀರಿ. ದಾವಣಗೆರೆಯಲ್ಲಿ ಕೊಳ್ಳಲಾ, ಬೆಂಗಳೂರಿಗೆ ಬರಲಾ ಎಂಬ ಗೊಂದಲ ಬೇರೆ. ಜೊತೆಗೆ ಪಿಎಸ್4 ಮಾರಿ ಆ ದುಡ್ಡನ್ನೂ ಇದಕ್ಕೇ ಹಾಕಲಾ ಎಂದು ಕೇಳಿದ್ದೀರಿ.

ಕೊನೆಯದಕ್ಕೆ ಮೊದಲು ಉತ್ತರ. ಮಾರಬೇಡಿ, ಕನಿಷ್ಠ ಆರು ತಿಂಗಳಂತೂ ಬೇಡ. ಅಷ್ಟು ಹಳೆಯ ಪಿಎಸ್4ಗೆ ಬರುವ ದುಡ್ಡು ಒಳ್ಳೆಯ ಮಾನಿಟರ್‌ಗೂ ಸಾಲುವುದಿಲ್ಲ. ಅದರಲ್ಲಿ ನೀವು ಕೊಂಡ ಗೇಮ್‌ಗಳು ಪಿಸಿಗೆ ಬರುವುದಿಲ್ಲ, ಡಿಸ್ಕ್ ಇದ್ದರೂ ಅಷ್ಟೇ. ಅರ್ಧ ಆಡಿಟ್ಟ ಕಥೆಗಳ ಸೇವ್ ಫೈಲ್‌ಗಳೂ ಸಾಮಾನ್ಯವಾಗಿ ಅಲ್ಲೇ ಉಳಿಯುತ್ತವೆ. ಫೋರ್ಟ್‌ನೈಟ್‌ನಂಥ, ಅಕೌಂಟ್ ಮೇಲೆ ನಡೆಯುವ ಆನ್‌ಲೈನ್ ಗೇಮ್‌ಗಳು ಮಾತ್ರ ನಿಮ್ಮ ಹಿಂದೆಯೇ ಬರುತ್ತವೆ. ಇನ್ನು ಕೆಲವು ಗೇಮ್‌ಗಳು ಪಿಸಿ ಕಡೆ ತಲೆಯನ್ನೇ ಹಾಕಿಲ್ಲ. 2015ರ ಬ್ಲಡ್‌ಬೋರ್ನ್‌ಗೆ ಜನ ಇನ್ನೂ ಕಾಯುತ್ತಿದ್ದಾರೆ. ಪಿಸಿಯವರಿಗೆ ಕಾಯುವುದು ಹೊಸದೇನಲ್ಲ. ಜಿಟಿಎ 5 ಕನ್ಸೋಲ್‌ಗೆ 2013ರ ಸೆಪ್ಟೆಂಬರ್‌ನಲ್ಲಿ ಬಂತು, ಪಿಸಿಗೆ 2015ರ ಏಪ್ರಿಲ್‌ನಲ್ಲಿ. ರೆಡ್ ಡೆಡ್ ರಿಡೆಂಪ್ಷನ್ 2 ಒಂದು ವರ್ಷ ಕಾಯಿಸಿತು. ಆದರೆ ಸೋನಿಯವರ ಗೇಮ್‌ಗಳು ಪಿಸಿಯಲ್ಲಿ ಸಿಗುವುದೇ ಇಲ್ಲ ಅಂದುಕೊಂಡಿದ್ದರೆ ಆ ಕಾಲ ಹೋಯಿತು. ಹೊರೈಜನ್ ಝೀರೋ ಡಾನ್ 2020ರಲ್ಲಿ ಬಂತು, ಗಾಡ್ ಆಫ್ ವಾರ್ 2022ರ ಜನವರಿಯಲ್ಲಿ, ಘೋಸ್ಟ್ ಆಫ್ ತ್ಸುಶಿಮಾ 2024ರ ಮೇ ತಿಂಗಳಲ್ಲಿ.

ಈಗ ನಾನು ಮೊದಲ ರಾತ್ರಿ ಮಾಡಿದ ಪೆದ್ದುತನ ಹೇಳಿಬಿಡುತ್ತೇನೆ.

ನನ್ನ ಪಿಸಿಯನ್ನು ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಅಸೆಂಬಲ್ ಮಾಡಿಸಿದೆ. ಆಟೋದಲ್ಲಿ ಮಗುವಿನ ಹಾಗೆ ತೊಡೆ ಮೇಲೆ ಇಟ್ಟುಕೊಂಡು ಬಂದೆ. ವೈರ್ ಎಲ್ಲಾ ಸಿಕ್ಕಿಸಿ, ಗಾಡ್ ಆಫ್ ವಾರ್ ಡೌನ್‌ಲೋಡ್ ಮಾಡಿ ಶುರು ಮಾಡಿದರೆ, ಕ್ರೇಟೋಸ್ ಕೊಡಲಿ ಎತ್ತಿದವನು ಇಳಿಸುವಷ್ಟರಲ್ಲಿ ನಾನು ಕಾಫಿ ಕುಡಿದು ಬರಬಹುದಿತ್ತು. ಎಲ್ಲಾ ಸೆಟ್ಟಿಂಗ್ಸ್ ಲೋಗೆ ಇಟ್ಟೆ. ಪರದೆಯಲ್ಲಿ ಎಣಿಸಬಹುದಾದಷ್ಟು ಫ್ರೇಮ್‌ಗಳು! ಇದಕ್ಕಿಂತ ಪಿಎಸ್4 ಎಷ್ಟೋ ವಾಸಿ. ಅಂಗಡಿಯವನು ಟೋಪಿ ಹಾಕಿದ ಎಂದು ರಾತ್ರಿ ಒಂಬತ್ತೂವರೆಗೆ ಫೋನ್ ಮಾಡಿ ಕೂಗಾಡಿದೆ. ಆತ ಸಮಾಧಾನವಾಗಿ ಒಂದೇ ಮಾತು ಕೇಳಿದ. "ಸರ್, ಮಾನಿಟರ್ ಕೇಬಲ್ ಎಲ್ಲಿಗೆ ಹಾಕಿದೀರಾ?"

"ಹಿಂದುಗಡೆ. ಮೇಲ್ಗಡೆ ಇದೆಯಲ್ಲ, ಯುಎಸ್‌ಬಿ ಪಕ್ಕ."

"ಅದು ಮದರ್‌ಬೋರ್ಡ್‌ದು ಸರ್. ಕೆಳಗೆ ಅಡ್ಡಡ್ಡ ಮೂರ್ನಾಲ್ಕು ಪೋರ್ಟ್ ಇದೆ ನೋಡಿ, ಅದಕ್ಕೆ ಹಾಕಿ."

ಅಷ್ಟೇ. ಅಷ್ಟು ದುಡ್ಡು ಕೊಟ್ಟ ಗ್ರಾಫಿಕ್ಸ್ ಕಾರ್ಡ್ ಕೆಳಗೆ ಸುಮ್ನೆ ಕೂತಿತ್ತು. ಪ್ರೊಸೆಸರ್ ಜೊತೆ ಬರುವ ಪುಟಾಣಿ ಗ್ರಾಫಿಕ್ಸ್ ಕ್ರೇಟೋಸ್‌ನನ್ನು ಹೊತ್ತು ಏದುಸಿರು ಬಿಡುತ್ತಿತ್ತು. ಕೇಬಲ್ ಬದಲಿಸಿದೆ, ಬೆಣ್ಣೆಯಂತೆ ಓಡಿತು. ಆತನಿಗೆ ಮತ್ತೆ ಫೋನ್ ಮಾಡಿ ಸಾರಿ ಹೇಳಿದೆ.

ಬುದ್ಧಿ ಬಂತು ಅಂದುಕೊಂಡರೆ ಅದೂ ಇಲ್ಲ. ನನ್ನ ಮಾನಿಟರ್ 144 ಹರ್ಟ್ಸ್‌ನದು, ಅಂದರೆ ಸೆಕೆಂಡಿಗೆ 144 ಸಲ ಚಿತ್ರ ಬದಲಿಸಬಲ್ಲದು. ಅದಕ್ಕೆಂದೇ ಜಾಸ್ತಿ ದುಡ್ಡು ಕೊಟ್ಟಿದ್ದೆ. ವಿಂಡೋಸ್ ಮಾತ್ರ ಅದನ್ನು 60ರಲ್ಲೇ ಓಡಿಸುತ್ತಿತ್ತು. ಮೂರು ವಾರ ಹಾಗೇ ಆಡಿ, "ಆಹಾ, 144 ಅಂದ್ರೆ ಹೀಗಿರುತ್ತೆ" ಎಂದು ಸ್ನೇಹಿತರ ಮುಂದೆ ಕೊಚ್ಚಿಕೊಂಡೂ ಇದ್ದೆ. ನೀವು ಮೊದಲ ದಿನವೇ ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇಗೆ ಹೋಗಿ ರಿಫ್ರೆಶ್ ರೇಟ್ ನೋಡಿ. ಕಡಿಮೆ ಇದ್ದರೆ ಏರಿಸಿ. ರ‍್ಯಾಮ್‌ನದೂ ಇದೇ ಕಥೆ. ಡಬ್ಬಿ ಮೇಲೆ ಬರೆದ ವೇಗ ಸಿಗಬೇಕಾದರೆ ಬಯಾಸ್‌ನಲ್ಲಿ, ಅಂದರೆ ವಿಂಡೋಸ್‌ಗೂ ಮೊದಲು ತೆರೆಯುವ ಮದರ್‌ಬೋರ್ಡ್‌ನ ಸೆಟ್ಟಿಂಗ್ಸ್‌ನಲ್ಲಿ, ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬ ಆಯ್ಕೆ ಆನ್ ಇರಬೇಕು. ಅಂಗಡಿಯಲ್ಲೇ ಮಾಡಿಸಿಕೊಂಡು ಬನ್ನಿ.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಕನ್ಸೋಲ್ ಪಂಕ್ತಿ ಊಟದ ಹಾಗೆ. ಎಲೆ ಮುಂದೆ ಕೂತರೆ ಸಾಕು, ಯಾವುದರ ನಂತರ ಯಾವುದು ಎಂದು ಬಡಿಸುವವರು ನೋಡಿಕೊಳ್ಳುತ್ತಾರೆ. ಪಿಸಿ ಬಫೆ. ತಟ್ಟೆ ಎಲ್ಲಿದೆ ಎಂಬುದರಿಂದ ಹಿಡಿದು ಎಲ್ಲವನ್ನೂ ನೀವೇ ಹುಡುಕಬೇಕು. ಬಫೆಯಲ್ಲಿ ಕಂಡದ್ದೆಲ್ಲ ತಟ್ಟೆಗೆ ಹಾಕಿಕೊಂಡು ಒದ್ದಾಡುವವರಿದ್ದಾರಲ್ಲ, ಮೊದಲ ದಿನವೇ ಎಲ್ಲಾ ಸೆಟ್ಟಿಂಗ್ಸ್ ಅಲ್ಟ್ರಾಗೆ ಇಡುವವರೂ ಅವರ ಪೈಕಿಯೇ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿಕೊಳ್ಳಿ. ಮೊದಲು ಯಂತ್ರ ಬದಲಾಗಲಿ, ಕೈಯಲ್ಲಿರುವುದು ಸದ್ಯಕ್ಕೆ ಹಳೆಯ ಕಂಟ್ರೋಲರ್ರೇ ಇರಲಿ.

ಹೌದು, ನಿಮ್ಮ ಪಿಎಸ್4 ಕಂಟ್ರೋಲರ್ ಪಿಸಿಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಪಿಸಿ ಗೇಮ್ ಮಾರುವ ಸ್ಟೀಮ್ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಕಂಟ್ರೋಲರ್ ಎಂಬ ಜಾಗದಲ್ಲಿ ಪ್ಲೇಸ್ಟೇಷನ್ ಸಪೋರ್ಟ್ ಆನ್ ಮಾಡಿದರೆ ಆಯಿತು. ಕೇಬಲ್ ಹಾಕಿದರೂ ಪಿಸಿ ಗುರುತಿಸದಿದ್ದರೆ ಕಂಟ್ರೋಲರ್ ಕೆಟ್ಟಿದೆ ಅಂದುಕೊಳ್ಳಬೇಡಿ. ಮನೆಯಲ್ಲಿ ಬಿದ್ದಿರುವ ಹಳೆಯ ಮೈಕ್ರೋ ಯುಎಸ್‌ಬಿ ಕೇಬಲ್‌ಗಳಲ್ಲಿ ಬರೀ ಚಾರ್ಜ್ ಆಗುವಂಥವೂ ಇರುತ್ತವೆ, ಅವುಗಳಲ್ಲಿ ಡೇಟಾ ಹೋಗುವುದಿಲ್ಲ. ಬೇರೆ ಕೇಬಲ್ ಹಾಕಿ ನೋಡಿ. ಬ್ಲೂಟೂತ್‌ನಲ್ಲಿ ಬೇಕಾದರೆ ಶೇರ್ ಬಟನ್ ಮತ್ತು ಪಿಎಸ್ ಬಟನ್ ಒಟ್ಟಿಗೆ ಒತ್ತಿ ಹಿಡಿಯಿರಿ, ಲೈಟ್ ಪಟಪಟ ಮಿನುಗಿದಾಗ ಪೇರ್ ಮಾಡಿ. ಎಲ್ಲಾ ಮದರ್‌ಬೋರ್ಡ್‌ನಲ್ಲೂ ಬ್ಲೂಟೂತ್ ಇರುವುದಿಲ್ಲ, ಕೊಳ್ಳುವಾಗಲೇ ಕೇಳಿಕೊಳ್ಳಿ.

ಒಂದು ತಮಾಷೆಗೆ ಮಾತ್ರ ತಯಾರಿರಿ. ಪಿಸಿಯ ಎಷ್ಟೋ ಗೇಮ್‌ಗಳು ಪರದೆಯಲ್ಲಿ ತೋರಿಸುವುದು ಎಕ್ಸ್‌ಬಾಕ್ಸ್ ಬಟನ್‌ಗಳನ್ನು. ಅದರಲ್ಲಿ ಎಕ್ಸ್ ಅಂದರೆ ಎಡಗಡೆಯ ಬಟನ್, ನಮ್ಮ ಚೌಕದ ಗುರುತಿನದು. ನಮ್ಮ ಎಕ್ಸ್ ಇರುವ ಕೆಳಗಿನ ಜಾಗಕ್ಕೆ ಅವರು ಎ ಅನ್ನುತ್ತಾರೆ. "ಬಾಗಿಲು ತೆರೆಯಲು ಎಕ್ಸ್ ಒತ್ತಿ" ಎಂದು ಬಂದಾಗ ವರ್ಷಗಳ ಅಭ್ಯಾಸದಲ್ಲಿ ಕೆಳಗಿನದನ್ನು ಒತ್ತಿದೆ. ನನ್ನ ಹೀರೋ ಬಾಗಿಲ ಮುಂದೆ ಕಪ್ಪೆಯ ಹಾಗೆ ಕುಪ್ಪಳಿಸುತ್ತಾ ನಿಂತ. ಇದು ಕೈಗೆ ಕೂರಲು ಎರಡು ವಾರ ಬೇಕಾಯಿತು.

ಕೀಬೋರ್ಡ್-ಮೌಸ್ ಕಲಿಯುವ ಮನಸ್ಸಾದಾಗ ನೇರವಾಗಿ ವ್ಯಾಲರಂಟ್‌ನಂಥ ಆನ್‌ಲೈನ್ ಶೂಟಿಂಗ್ ಗೇಮ್‌ಗೆ ಇಳಿಯಬೇಡಿ. ಅಲ್ಲಿ ಹದಿನಾಲ್ಕರ ಹುಡುಗರು ನಿಮ್ಮನ್ನು ಹುರಿದು ಮುಕ್ಕುತ್ತಾರೆ, ಬೈಗುಳ ಬೇರೆ. ನಾನು ಶುರು ಮಾಡಿದ್ದು 2007ರ ಪೋರ್ಟಲ್ ಎಂಬ ಒಗಟಿನ ಗೇಮ್‌ನಿಂದ. ನೋಡಬೇಕು, ಗುರಿ ಇಡಬೇಕು, ಜಿಗಿಯಬೇಕು, ಆದರೆ ಹೆಚ್ಚಿನ ಕಡೆ ಅವಸರವಿಲ್ಲ. ಎಡಗೈಯ ಉಂಗುರ ಬೆರಳು ಎ ಮೇಲೆ, ನಡುಬೆರಳು ಡಬ್ಲ್ಯೂ ಮೇಲೆ, ತೋರುಬೆರಳು ಡಿ ಮೇಲೆ. ಓಡಲು ಶಿಫ್ಟ್ ಕಿರುಬೆರಳಿಗೆ, ಜಿಗಿಯಲು ಸ್ಪೇಸ್ ಹೆಬ್ಬೆರಳಿಗೆ. ವಿಂಡೋಸ್‌ನ ಮೌಸ್ ಸೆಟ್ಟಿಂಗ್ಸ್‌ನಲ್ಲಿ ಎನ್‌ಹ್ಯಾನ್ಸ್ ಪಾಯಿಂಟರ್ ಪ್ರಿಸಿಷನ್ ಎಂಬುದನ್ನು ತೆಗೆಯಿರಿ. ಅದು ಇದ್ದರೆ ಕೈ ಒಂದೇ ದೂರ ಹೋದರೂ ವೇಗಕ್ಕೆ ತಕ್ಕಂತೆ ಗುರಿ ಬೇರೆ ಬೇರೆ ದೂರ ಹೋಗುತ್ತದೆ, ಕೈಗೆ ಅಂದಾಜೇ ಸಿಗುವುದಿಲ್ಲ. ಇನ್ನು ಕಾರ್ ರೇಸು, ಫುಟ್‌ಬಾಲ್, ಕತ್ತಿವರಸೆ ಗೇಮ್‌ಗಳನ್ನು ನಾನು ಈಗಲೂ ಕಂಟ್ರೋಲರ್‌ನಲ್ಲೇ ಆಡುವುದು. ಇದರಲ್ಲಿ ನಾಚಿಕೆ ಏನೂ ಇಲ್ಲ.

ಸೆಟ್ಟಿಂಗ್ಸ್ ವಿಷಯಕ್ಕೆ ಬರೋಣ. 1080ಪಿ ಪರದೆಯಲ್ಲಿ ಸುಮಾರು 21 ಲಕ್ಷ ಚುಕ್ಕೆಗಳಿರುತ್ತವೆ, 1440ಪಿಯಲ್ಲಿ 37 ಲಕ್ಷ, 4ಕೆಯಲ್ಲಿ 83 ಲಕ್ಷ. ಕಾರ್ಡ್ ಅಷ್ಟನ್ನೂ ಸೆಕೆಂಡಿಗೆ 60 ಸಲ ಬಿಡಿಸಬೇಕು. ಅದಕ್ಕೇ ಮಧ್ಯಮ ಬಜೆಟ್‌ಗೆ 4ಕೆ ಆಸೆ ಬೇಡ, 1080ಪಿ ಅಥವಾ 1440ಪಿ ಸಾಕು. ಗೇಮ್ ಶುರುವಾದಾಗ ಹೈ ಎಂಬ ಸಿದ್ಧ ಸೆಟ್ಟಿಂಗ್ ಆರಿಸಿ. ನಿಧಾನ ಅನ್ನಿಸಿದರೆ ಮೊದಲು ಶ್ಯಾಡೋ ಒಂದು ಮೆಟ್ಟಿಲು ಇಳಿಸಿ, ಬೆಳಕಿನ ಕಿರಣಗಳ ಲೆಕ್ಕ ಹಾಕುವ ರೇ ಟ್ರೇಸಿಂಗ್ ಆಫ್ ಮಾಡಿ. ಟೆಕ್ಸ್ಚರ್, ಅಂದರೆ ಗೋಡೆ, ಬಟ್ಟೆಗಳ ಮೇಲ್ಮೈಯ ಚಿತ್ರ, ಅದನ್ನು ಮುಟ್ಟಬೇಡಿ. ಕಾರ್ಡ್‌ನ ಮೆಮೊರಿ ಸಾಕಷ್ಟಿದ್ದರೆ ಅದರಿಂದ ವೇಗ ಅಷ್ಟೇನೂ ಕಡಿಮೆಯಾಗುವುದಿಲ್ಲ, ಇಳಿಸಿದರೆ ಮಾತ್ರ ಗೋಡೆಗಳೆಲ್ಲ ಮಸುಕು. ಎನ್‌ವಿಡಿಯಾ ಆರ್‌ಟಿಎಕ್ಸ್ ಕಾರ್ಡ್ ಆದರೆ ಡಿಎಲ್‌ಎಸ್‌ಎಸ್ ಎಂಬುದನ್ನು ಕ್ವಾಲಿಟಿಗೆ ಇಡಿ, ಎಎಂಡಿ ಆದರೆ ಎಫ್‌ಎಸ್‌ಆರ್. ಇವು ಚಿತ್ರವನ್ನು ಒಳಗೆ ಚಿಕ್ಕದಾಗಿ ಬಿಡಿಸಿ, ಪರದೆಗೆ ಬರುವಾಗ ದೊಡ್ಡದು ಮಾಡುತ್ತವೆ. 1440ಪಿ ಪರದೆಗೆ ಡಿಎಲ್‌ಎಸ್‌ಎಸ್ ಕ್ವಾಲಿಟಿಯಲ್ಲಿ ನಿಜವಾಗಿ ಬಿಡಿಸುವುದು ಸುಮಾರು 960 ಸಾಲುಗಳನ್ನು ಮಾತ್ರ. ಆಡುವಾಗ ನನ್ನ ಕಣ್ಣಿಗಂತೂ ವ್ಯತ್ಯಾಸ ಸಿಗುವುದಿಲ್ಲ.

ಮೊದಲ ಸಲ ಗೇಮ್ ತೆರೆದಾಗ "ಶೇಡರ್ ಕಂಪೈಲ್ ಆಗುತ್ತಿದೆ" ಎಂಬ ಪಟ್ಟಿ ಓಡಬಹುದು. ಬೆಳಕು, ನೆರಳು, ನೀರಿನ ಹೊಳಪು ಹೇಗೆ ಕಾಣಬೇಕು ಎಂದು ಕಾರ್ಡ್‌ಗೆ ಹೇಳುವ ಪುಟ್ಟ ಪ್ರೋಗ್ರಾಮ್‌ಗಳೇ ಶೇಡರ್. ಪಿಎಸ್4 ಒಳಗಿನ ಚಿಪ್ ಯಾವುದೆಂದು ಗೇಮ್ ಮಾಡಿದವರಿಗೆ ಗೊತ್ತು, ಮೊದಲೇ ಸಿದ್ಧ ಮಾಡಿ ಕಳಿಸುತ್ತಾರೆ. ಪಿಸಿಗಳಲ್ಲಿ ನೂರೆಂಟು ಬಗೆಯ ಕಾರ್ಡ್, ಹಾಗಾಗಿ ನಿಮ್ಮ ಮನೆಯಲ್ಲೇ ತಯಾರಾಗಬೇಕು. ಮಧ್ಯೆ ಎಸ್ಕೇಪ್ ಒತ್ತದೆ ಬಿಟ್ಟುಬಿಡಿ. ಅವಸರ ಮಾಡಿದರೆ ಆಡುವಾಗ ತಡವರಿಸುತ್ತದೆ.

ಕೊಳ್ಳುವ ಮಾತು. ಮಾನಿಟರ್ ಬಿಟ್ಟು ಉಳಿದ ದುಡ್ಡಿನಲ್ಲಿ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿಯೇ ಗ್ರಾಫಿಕ್ಸ್ ಕಾರ್ಡ್‌ಗೆ ಹೋಗಲಿ. 16 ಜಿಬಿ ರ‍್ಯಾಮ್ ಎರಡು ತುಂಡಾಗಿ ಇರಲಿ. 2025ರ ಕೊನೆಯ ಹೊತ್ತಿಗೆ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ರ‍್ಯಾಮ್ ಬೆಲೆ ಗಗನಕ್ಕೇರಿತು, ಆದ್ದರಿಂದ ಹಳೆಯ ವಿಡಿಯೋಗಳಲ್ಲಿ ಹೇಳುವ ಬಜೆಟ್ ನಂಬಬೇಡಿ. ಎಸ್‌ಎಸ್‌ಡಿ 1 ಟಿಬಿ ಬೇಕೇ ಬೇಕು, ರೆಡ್ ಡೆಡ್ 2 ಒಂದೇ 150 ಜಿಬಿ ಕೇಳುತ್ತದೆ. ಬಣ್ಣಬಣ್ಣದ ಲೈಟಿನ ಕ್ಯಾಬಿನೆಟ್‌ಗೆ ದುಡ್ಡು ಸುರಿದು ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್‌ನಲ್ಲಿ ಉಳಿಸುವವರನ್ನು ನೋಡಿದ್ದೇನೆ. ಅದು ಕೆಟ್ಟರೆ ಒಂದೇ ಕೆಡುವುದಿಲ್ಲ, ಜೊತೆಯವರನ್ನೂ ಕರೆದುಕೊಂಡು ಹೋಗಬಹುದು. ದಾವಣಗೆರೆಯಲ್ಲಿ ಒಂದು ಕೊಟೇಷನ್ ತೆಗೆದುಕೊಳ್ಳಿ, ಆಮೇಲೆ ಎಸ್.ಪಿ. ರೋಡ್‌ನಲ್ಲಿ ಮೂರು ಅಂಗಡಿ ಸುತ್ತಿ. ವ್ಯತ್ಯಾಸ ಒಂದೆರಡು ಸಾವಿರವೇ ಆದರೆ ಊರಲ್ಲೇ ಕೊಳ್ಳಿ, ನಾಳೆ ರಿಪೇರಿಗೆ ಓಡಾಡುವವರು ನೀವೇ ತಾನೆ. "ಬಿಲ್ ಬೇಡ ಅಂದ್ರೆ ಕಡಿಮೆ ಮಾಡ್ತೀನಿ" ಅನ್ನುವವರ ಹತ್ತಿರ ಮಾತ್ರ ನಿಲ್ಲಬೇಡಿ. ಬಿಲ್ ಇಲ್ಲದಿದ್ದರೆ ವಾರಂಟಿ ಕೇಳಲು ಹೋದಾಗ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಯುಪಿಎಸ್ ಬಗ್ಗೆ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಅಪ್ಪನ ಆಫೀಸ್ ಕಂಪ್ಯೂಟರ್‌ಗೆ ಇದ್ದ 600 ವಿಎ ಯುಪಿಎಸ್ ಅನ್ನೇ ನಾನು ಹಾಕಿಕೊಂಡಿದ್ದೆ. ಅದು ಕೊಡುವುದು ಸುಮಾರು 360 ವ್ಯಾಟ್. ಗೇಮ್ ನಡೆಯುವಾಗ ನನ್ನ ಪಿಸಿ, ಮಾನಿಟರ್ ಸೇರಿ ಅದನ್ನು ದಾಟುತ್ತಿತ್ತು. ಮಳೆಗಾಲದ ಒಂದು ಸಂಜೆ ಕರೆಂಟ್ ಕಣ್ಣು ಮಿಟುಕಿಸುವಷ್ಟು ಹೊತ್ತು ಹೋಗಿ ಬಂತು. ಫ್ಯಾನ್ ಕೂಡ ನಿಲ್ಲಲಿಲ್ಲ. ಯುಪಿಎಸ್ ಮಾತ್ರ ಕುಂಯ್ ಎಂದು ಚೀರಿ ಮಲಗಿಬಿಟ್ಟಿತು, ಜೊತೆಗೆ ಒಂದೂವರೆ ಗಂಟೆಯ ಆಟವೂ ಹೋಯಿತು. ನೀವು 1000 ವಿಎ ಆಸುಪಾಸಿನದು ತೆಗೆದುಕೊಳ್ಳಿ, ಡಬ್ಬಿ ಮೇಲೆ ವ್ಯಾಟ್ 600 ಇದೆಯಾ ನೋಡಿ. ಅದು ಆಡಲು ಅಲ್ಲ, ಸೇವ್ ಮಾಡಿ ಆಫ್ ಮಾಡಲು.

ಗೇಮ್ ಕೊಳ್ಳುವುದರಲ್ಲಿ ನಿಮಗೆ ಖುಷಿ ಕಾದಿದೆ. ಆನ್‌ಲೈನ್ ಆಡಲು ಪಿಎಸ್ ಪ್ಲಸ್‌ನಂಥ ಚಂದಾ ಸಾಮಾನ್ಯವಾಗಿ ಬೇಕಿಲ್ಲ. ಸ್ಟೀಮ್‌ನಲ್ಲಿ 2015ರಿಂದ ರೂಪಾಯಿಯಲ್ಲೇ ಬೆಲೆ. ಕೊಂಡ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ನಿಮ್ಮ ಪಿಸಿಯಲ್ಲಿ ಓಡುತ್ತಾ ಎಂದು ಪರೀಕ್ಷಿಸಲು ಇದಕ್ಕಿಂತ ಸುಲಭ ದಾರಿ ಇಲ್ಲ. ಸ್ಟೀಮ್‌ನಂಥದೇ ಇನ್ನೊಂದು ಗೇಮ್ ಅಂಗಡಿ ಎಪಿಕ್‌ನವರು ಗುರುವಾರ ಗುರುವಾರ ಪುಕ್ಕಟೆ ಗೇಮ್ ಕೊಡುತ್ತಾರೆ, 2020ರ ಮೇ ತಿಂಗಳಲ್ಲಿ ಜಿಟಿಎ 5 ಅನ್ನೇ ಕೊಟ್ಟಿದ್ದರು. ಪಿಸಿ ಬರುವ ಮೊದಲೇ ಅಕೌಂಟ್ ಮಾಡಿ ವಾರ ವಾರ ಎತ್ತಿಟ್ಟುಕೊಳ್ಳಿ. ಪಕ್ಕದ ಮನೆ ಹುಡುಗ ಪೆನ್‌ಡ್ರೈವ್‌ನಲ್ಲಿ ತರುವ ಕ್ರ್ಯಾಕ್ ಗೇಮ್ ಬೇಡವೇ ಬೇಡ. ಅದರ ಜೊತೆ ವೈರಸ್ ಬಂದರೆ, ಬ್ಯಾಂಕಿನ ಲಾಗಿನ್, ಪಾಸ್‌ವರ್ಡ್ ಎಲ್ಲಾ ಇರುವುದೂ ಅದೇ ಪಿಸಿಯಲ್ಲಿ ಅಲ್ವಾ?

ಕೊಟೇಷನ್ ಸಿಕ್ಕ ಮೇಲೆ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ. ಎಸ್‌ಎಂಪಿಎಸ್ ಎದುರು ಕಂಪನಿ ಹೆಸರಿಲ್ಲದೆ ಬರೀ "500 ವ್ಯಾಟ್" ಎಂದು ಬರೆದುಕೊಟ್ಟರೆ, ಅಲ್ಲೇ ನಿಂತು ಹೆಸರು, ಮಾಡೆಲ್ ಬರೆಸಿಕೊಂಡು ಬನ್ನಿ.