ಮಗಳಿಗೆ ಬಿಬಿಎ ಕೊಡಿಸಲೇ, ಅರ್ಥಶಾಸ್ತ್ರದ ಜೊತೆಗೆ ವ್ಯವಹಾರ ಓದಿಸಲೇ?

ಪ್ರಶ್ನೆ: ತಿಕೋಟಾ ಭಾಗದಲ್ಲಿ ನಮಗೆ ನಾಲ್ಕು ಎಕರೆ ದ್ರಾಕ್ಷಿ ತೋಟವಿದೆ. ಒಣದ್ರಾಕ್ಷಿ ಮಾಡಿ ಮಾರುತ್ತೇವೆ. ಅಕ್ಕಪಕ್ಕದ ರೈತರ ಮಾಲನ್ನು ಕೊಂಡು ಸ್ವಲ್ಪ ವ್ಯಾಪಾರವನ್ನೂ ಮಾಡುತ್ತೇನೆ. ಮಗಳು ದ್ವಿತೀಯ ಪಿಯುಸಿ ವಿಜ್ಞಾನದಲ್ಲಿ ಒಳ್ಳೆಯ ಅಂಕ ಪಡೆದಿದ್ದಾಳೆ, ಗಣಿತ ಅವಳಿಗೆ ಬಹಳ ಇಷ್ಟ. ಬಿಬಿಎ ಓದಿದರೆ ಮನೆಯ ವ್ಯಾಪಾರಕ್ಕೂ ಆಗುತ್ತದೆ, ಮುಂದೆ ಎಂಬಿಎ ಮಾಡುವುದಕ್ಕೂ ದಾರಿಯಾಗುತ್ತದೆ ಎಂಬುದು ನನ್ನ ಎಣಿಕೆ. ಅವಳು ಮಾತ್ರ ಅರ್ಥಶಾಸ್ತ್ರವನ್ನು ಮೇಜರ್ (ಮುಖ್ಯ ವಿಷಯ) ಆಗಿ, ವ್ಯವಹಾರ ಅಧ್ಯಯನವನ್ನು ಮೈನರ್ (ಜೊತೆಯ ಕಿರು ವಿಷಯ) ಆಗಿ ಓದುತ್ತೇನೆ ಎನ್ನುತ್ತಾಳೆ. ಅದಕ್ಕೆಂದು ಸಾಂಗ್ಲಿ, ಪುಣೆಯ ಕಾಲೇಜುಗಳನ್ನು ನೋಡಿಟ್ಟಿದ್ದಾಳೆ. ಮೈನರ್ ಎಂದರೆ ಅರೆಬರೆ ಓದಲ್ಲವೇ?
— ಒಬ್ಬ ಓದುಗರು, ವಿಜಯಪುರ ಜಿಲ್ಲೆ

ಉತ್ತರ: ನೀವು ಬರೆದಿರುವಷ್ಟನ್ನು ಇಟ್ಟುಕೊಂಡು ಹೇಳುವುದಾದರೆ ನಿಮ್ಮ ಮಗಳ ಆಯ್ಕೆಯೇ ಹೆಚ್ಚು ಸರಿಯಾಗಿದೆ. ಆದರೆ ಒಂದು ಷರತ್ತು ಇದೆ: ಮೈನರ್‌ನಲ್ಲಿ ಸಿಗುವ ಕೆಲವೇ ಪತ್ರಿಕೆಗಳನ್ನು ಅವಳು ಲೆಕ್ಕಶಾಸ್ತ್ರದ ಕಡೆಗೆ ಗಟ್ಟಿಯಾಗಿ ತಿರುಗಿಸಿಕೊಳ್ಳಬೇಕು. ಸುಲಭವೆಂದು ತೋರುವ ಪತ್ರಿಕೆಗಳನ್ನು ಆರಿಸಿ ಅಂಕ ಗಳಿಸಿಕೊಂಡರೆ ನಿಮ್ಮ ಸಂಶಯವೇ ನಿಜವಾಗುತ್ತದೆ.

ಮೈನರ್ ಎಷ್ಟು ಓದು ಎಂಬುದನ್ನು ಮೊದಲು ಅಳತೆ ಮಾಡಿ ನೋಡೋಣ. ವಿಶ್ವವಿದ್ಯಾಲಯ ಅನುದಾನ ಆಯೋಗವು 2022ರ ಡಿಸೆಂಬರ್‌ನಲ್ಲಿ ಹೊರಡಿಸಿದ ಪದವಿ ಚೌಕಟ್ಟಿನ ಪ್ರಕಾರ ಮೂರು ವರ್ಷದ ಪದವಿಗೆ 120 ಕ್ರೆಡಿಟ್ ಬೇಕು; ಅದರಲ್ಲಿ ಮೇಜರ್ ವಿಷಯಕ್ಕೆ ಕನಿಷ್ಠ 60, ಮೈನರ್‌ಗೆ ಕನಿಷ್ಠ 24 ಕ್ರೆಡಿಟ್ ಮೀಸಲು. ನಾಲ್ಕು ವರ್ಷ ಓದಿದರೆ ಇವು ಕ್ರಮವಾಗಿ 80 ಮತ್ತು 32 ಆಗುತ್ತವೆ. ಒಂದು ಕ್ರೆಡಿಟ್ ಎಂದರೆ 15 ತಾಸಿನ ಪಾಠವಾದ್ದರಿಂದ 24 ಕ್ರೆಡಿಟ್ ಎಂದರೆ 360 ತಾಸು, ನಾಲ್ಕು ಕ್ರೆಡಿಟ್‌ನ ಆರು ಪತ್ರಿಕೆಗಳು. ಪದವಿಯ ಐದನೆಯ ಒಂದು ಪಾಲನ್ನು ಅರೆಬರೆ ಎನ್ನುವಂತಿಲ್ಲ; ಆದರೆ ವ್ಯರ್ಥ ಮಾಡುವುದಕ್ಕೆ ಅದರಲ್ಲಿ ಒಂದು ಪತ್ರಿಕೆಯೂ ಹೆಚ್ಚಿಲ್ಲ. ನನ್ನನ್ನು ಕೇಳಿದರೆ ಹಣಕಾಸು ಲೆಕ್ಕಶಾಸ್ತ್ರಕ್ಕೆ ಎರಡು, ವೆಚ್ಚ ಲೆಕ್ಕಕ್ಕೆ ಒಂದು, ವಾಣಿಜ್ಯ ಕಾನೂನು ಮತ್ತು ತೆರಿಗೆಗೆ ಒಂದು, ಹಣಕಾಸು ನಿರ್ವಹಣೆಗೆ ಒಂದು, ಮಾರುಕಟ್ಟೆ ನಿರ್ವಹಣೆಗೆ ಒಂದು ಎಂದು ಹಂಚುತ್ತೇನೆ. ಕಾಲೇಜು ಇಷ್ಟು ಸ್ವಾತಂತ್ರ್ಯ ಕೊಡದಿದ್ದರೂ ಲೆಕ್ಕಶಾಸ್ತ್ರ ಮತ್ತು ವೆಚ್ಚ ಲೆಕ್ಕವನ್ನು ಮಾತ್ರ ಬಿಡಬಾರದು.

ಈ ಹಟಕ್ಕೆ ಕಾರಣ ನಿಮ್ಮ ಶೆಡ್ಡಿನಲ್ಲೇ ಇದೆ. ಸುಮಾರು ನಾಲ್ಕು ಕಿಲೋ ಹಸಿ ದ್ರಾಕ್ಷಿ ಒಣಗಿದರೆ ಒಂದು ಕಿಲೋ ಒಣದ್ರಾಕ್ಷಿ ಆಗುತ್ತದೆ. ಆ ಒಂದು ಕಿಲೋ ನಿಮಗೆ ಎಷ್ಟಕ್ಕೆ ಬಿತ್ತು ಎಂದು ಕೇಳಿದರೆ ನಮ್ಮ ಭಾಗದ ಬಹಳ ಮಂದಿ ಒಣಗಿಸುವ ಮುನ್ನ ಹಣ್ಣು ಅದ್ದುವ ಎಣ್ಣೆ, ಕೂಲಿ, ಬಾಕ್ಸು, ಕೋಲ್ಡ್ ಸ್ಟೋರೇಜ್ ಬಾಡಿಗೆ ಇಷ್ಟನ್ನು ಕೂಡಿಸಿ ಹೇಳುತ್ತಾರೆ. ತೋಟದಲ್ಲಿ ಮನೆಯವರು ಪಟ್ಟ ದುಡಿಮೆ, ಶೆಡ್ಡಿನ ಸವಕಳಿ, ತೊಡಗಿಸಿದ ಹಣದ ಬಡ್ಡಿ ಲೆಕ್ಕಕ್ಕೆ ಬರುವುದೇ ಇಲ್ಲ. ಅವನ್ನೆಲ್ಲ ಕ್ರಮವಾಗಿ ಹಚ್ಚುವುದನ್ನು ವೆಚ್ಚ ಲೆಕ್ಕ ಕಲಿಸುತ್ತದೆ. ಹಸಿ ಹಣ್ಣನ್ನೇ ಮಾರಿಬಿಡಬೇಕಿತ್ತೇ, ಬೇಸಿಗೆಯಲ್ಲಿ ಒಣಗಿದ ಮಾಲನ್ನು ಆಗಲೇ ಕೊಡಬೇಕೇ ಅಥವಾ ದೀಪಾವಳಿಯವರೆಗೆ ಕೋಲ್ಡ್ ಸ್ಟೋರೇಜಿನಲ್ಲಿ ಇಡಬೇಕೇ ಎಂಬ ಪ್ರಶ್ನೆಗೆ ಬೇಕಾಗುವ ವಿವೇಚನೆಯನ್ನು ಅರ್ಥಶಾಸ್ತ್ರ ಕೊಡುತ್ತದೆ: ಒಂದನ್ನು ಆರಿಸಿದಾಗ ಕೈಬಿಟ್ಟ ಇನ್ನೊಂದರ ಲಾಭವೂ ವೆಚ್ಚವೇ ಎಂಬುದು ಆ ಶಾಸ್ತ್ರದ ಮೊದಲ ಪಾಠಗಳಲ್ಲಿ ಒಂದು. ಇನ್ನು ತೆರಿಗೆಯ ವಿಷಯ. ರೈತನು ತಾನು ಬೆಳೆದ ಒಣದ್ರಾಕ್ಷಿಯನ್ನು ಮಾರಿದರೆ ಅದಕ್ಕೆ ಜಿಎಸ್‌ಟಿ ಇಲ್ಲ ಎಂದು ಜಿಎಸ್‌ಟಿ ಮಂಡಳಿ 2024ರ ಡಿಸೆಂಬರ್ ಸಭೆಯಲ್ಲಿ ಸ್ಪಷ್ಟಪಡಿಸಿತು. ಅದೇ ಮಾಲನ್ನು ಕೊಂಡು ಮಾರುವ ನೋಂದಾಯಿತ ವ್ಯಾಪಾರಿಗೆ ಈ ವಿನಾಯಿತಿ ಅನ್ವಯಿಸುವುದಿಲ್ಲ. ನೀವು ರೈತರೂ ಹೌದು, ವ್ಯಾಪಾರಿಯೂ ಹೌದು. ಒಂದೇ ಗೋದಾಮಿನಲ್ಲಿರುವ ಎರಡು ಬಗೆಯ ಮಾಲಿಗೆ ಎರಡು ಲೆಕ್ಕ ಏಕೆ ಬೇಕು ಎಂಬುದನ್ನು ಮನೆಯಲ್ಲಿ ಒಬ್ಬರಾದರೂ ಓದಿ ತಿಳಿದಿರುವುದು ಅಗತ್ಯ.

ವ್ಯವಹಾರ ಎನ್ನುವುದು ಸ್ವತಂತ್ರವಾದ ಒಂದೇ ಶಾಸ್ತ್ರವಲ್ಲ; ಲೆಕ್ಕ, ಅರ್ಥಶಾಸ್ತ್ರ, ಕಾನೂನು, ಸಂಖ್ಯಾಶಾಸ್ತ್ರ, ಮನಶ್ಶಾಸ್ತ್ರಗಳಿಂದ ಬೇಕಾದ ಭಾಗಗಳನ್ನು ತಂದು ಕಟ್ಟಿದ ಓದು. ಬಿಬಿಎಯಲ್ಲಿ ನಿರ್ವಹಣಾ ತತ್ತ್ವಗಳು, ಮಾನವ ಸಂಪನ್ಮೂಲ, ಮಾರುಕಟ್ಟೆ, ಸಾಂಸ್ಥಿಕ ವರ್ತನೆ ಹೀಗೆ ಎಲ್ಲದರ ಪರಿಚಯವಾಗುತ್ತದೆ. ಮಾತುಗಾರಿಕೆ, ತಂಡದಲ್ಲಿ ದುಡಿಯುವ ಅಭ್ಯಾಸ, ಯೋಜನಾ ವರದಿ ಬರೆಯುವ ರೂಢಿ ಅದರಿಂದ ಬರುತ್ತವೆ, ಅವು ಸಣ್ಣ ಗಳಿಕೆಗಳಲ್ಲ. ಆದರೂ ಗಣಿತದಲ್ಲಿ ನಿಜವಾದ ಆಸಕ್ತಿಯಿರುವ ಹುಡುಗಿಗೆ ಮೂರು ವರ್ಷ ಪರಿಚಯದಲ್ಲೇ ಕಳೆಯುವುದು ಬೇಸರ ತರಬಹುದು ಎಂಬುದು ವಾಣಿಜ್ಯ ವಿಭಾಗದಲ್ಲಿ ಬಹಳ ವರ್ಷ ಪಾಠ ಹೇಳಿದ ನನ್ನ ಅನುಭವ. ಅವಳಿಗೆ ಬಿಬಿಎಯೇ ಬೇಕೆನಿಸಿದರೆ, 2024-25ನೇ ಸಾಲಿನಿಂದ ಈ ಕೋರ್ಸ್ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ವ್ಯಾಪ್ತಿಗೆ ಬಂದಿರುವುದರಿಂದ ಕಾಲೇಜಿಗೆ ಆ ಅನುಮೋದನೆ ಇದೆಯೇ ಎಂದು ನೋಡಿಕೊಂಡು ಸೇರಿಸಿ.

ಬಿಕಾಂ ಬಗ್ಗೆ ನೀವು ಕೇಳಿಲ್ಲ, ಆದರೆ ಕೇಳಬೇಕಾಗಿತ್ತು. ಮಗಳಿಗೆ ಸಿಎ ಆಗುವ ಮನಸ್ಸಿದ್ದರೆ ನನ್ನ ಸಲಹೆ ಪೂರ್ತಿ ಬದಲಾಗುತ್ತದೆ. ಕಂಪನಿ ಲೆಕ್ಕ, ಲೆಕ್ಕಪರಿಶೋಧನೆ, ಆದಾಯ ತೆರಿಗೆಗಳನ್ನು ಬಿಕಾಂನಷ್ಟು ಆಳವಾಗಿ ಬೇರಾವ ಸಾಮಾನ್ಯ ಪದವಿಯೂ ಕಲಿಸುವುದಿಲ್ಲ. ಸಿಎ ಬಾಗಿಲು ಅರ್ಥಶಾಸ್ತ್ರ ಓದಿದವರಿಗೆ ಮುಚ್ಚಿದೆಯೆಂದಲ್ಲ: ವಾಣಿಜ್ಯ ಪದವೀಧರರು 55%, ಇತರ ಪದವೀಧರರು 60% ಅಂಕ ಪಡೆದಿದ್ದರೆ ಫೌಂಡೇಶನ್ ಎಂಬ ಮೊದಲ ಹಂತದ ಪರೀಕ್ಷೆಯಿಲ್ಲದೆ ನೇರವಾಗಿ ಇಂಟರ್‌ಮೀಡಿಯೆಟ್ ಹಂತಕ್ಕೆ ನೋಂದಾಯಿಸಬಹುದು. ಎಂಕಾಂ ಓದುವ ವಿಚಾರವಿದ್ದರೂ ಬಿಕಾಂ ಅಥವಾ ಬಿಬಿಎ ಮೂಲಕವೇ ಹೋಗುವುದು ಲೇಸು.

ಎಂಬಿಎಗೆ ಬಿಬಿಎ ಬೇಕೇ ಬೇಕು ಎಂದು ನೀವು ಎಣಿಸಿದ್ದರೆ ಅದು ಮಾತ್ರ ತಪ್ಪು. ಸಾಮಾನ್ಯ ವರ್ಗದವರು ಯಾವುದೇ ಪದವಿಯಲ್ಲಿ 50% ಅಂಕ ಪಡೆದಿದ್ದರೆ ಎಂಬಿಎಗೆ ಅರ್ಹರು, ಮೀಸಲಾತಿಯಿದ್ದವರಿಗೆ ಸಡಿಲಿಕೆ ಇದೆ. ಪ್ರವೇಶ ಪರೀಕ್ಷೆಯಲ್ಲಿ ಗಣಿತ ಮತ್ತು ತರ್ಕಕ್ಕೆ ದೊಡ್ಡ ಪಾಲು ಇರುವುದರಿಂದ ಅಲ್ಲಿ ನಿಮ್ಮ ಮಗಳ ಕೈಯೇ ಮೇಲಾಗುವ ಸಂಭವ ಹೆಚ್ಚು. ಬ್ಯಾಂಕ್ ಅಧಿಕಾರಿ ಹುದ್ದೆಗಳ ಪರೀಕ್ಷೆಗೂ ಯಾವ ಪದವಿಯಾದರೂ ಸಾಕು.

ಎಲ್ಲಿ ಓದಿಸಬೇಕು ಎಂಬುದು ಕೊಂಚ ತೊಡಕಿನ ಪ್ರಶ್ನೆ. ಕರ್ನಾಟಕವು 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ಆರಂಭಿಸಿದ ನಾಲ್ಕು ವರ್ಷದ ಆನರ್ಸ್ ವ್ಯವಸ್ಥೆಯನ್ನು ಬಿಟ್ಟು 2024-25ರಿಂದ ಮೂರು ವರ್ಷದ ಪದವಿಗೆ ಮರಳಿದೆ; ಮಹಾರಾಷ್ಟ್ರದಲ್ಲಿ ಮೇಜರ್–ಮೈನರ್ ಪದ್ಧತಿ ನಡೆದಿದೆ. ಆದ್ದರಿಂದ ಮಗಳು ಗಡಿಯಾಚೆಯ ಕಾಲೇಜುಗಳನ್ನು ಹುಡುಕಿದ್ದರಲ್ಲಿ ಅರ್ಥವಿದೆ. ಆದರೆ ಹಾಸ್ಟೆಲ್ಲು, ಊಟ, ಓಡಾಟದ ಖರ್ಚು ನಿಮಗೆ ಭಾರವಾಗುವುದಾದರೆ ಸಾಲ ಮಾಡಿ ಕಳಿಸುವಷ್ಟು ದೊಡ್ಡ ವ್ಯತ್ಯಾಸ ಇದಲ್ಲ. ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿಯೂ, ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯಕ್ಕೆ ಸೇರಿದ ಮಹಿಳಾ ಕಾಲೇಜುಗಳಲ್ಲಿಯೂ ಅರ್ಥಶಾಸ್ತ್ರದ ಜೊತೆಗೆ ಗಣಿತ ಇಲ್ಲವೇ ಸಂಖ್ಯಾಶಾಸ್ತ್ರವನ್ನು ಕೊಡುವ ಕಾಂಬಿನೇಷನ್ ಎಲ್ಲಿದೆ ಎಂದು ವಿಚಾರಿಸಿ. ಅದು ಸಿಕ್ಕರೆ ಲೆಕ್ಕಶಾಸ್ತ್ರದ ಕೊರತೆಯನ್ನು ಕೇಂದ್ರ ಸರ್ಕಾರದ ‘ಸ್ವಯಂ’ ತಾಣದ ಉಚಿತ ಪಾಠಗಳಿಂದಲೂ, ಊರಿನ ಯಾವುದಾದರೂ ಕ್ಲಾಸಿನಲ್ಲಿ ಟ್ಯಾಲಿ ಎಂಬ ಲೆಕ್ಕಪತ್ರದ ಸಾಫ್ಟ್‌ವೇರ್ ಕಲಿತೂ ಬಹುಮಟ್ಟಿಗೆ ತುಂಬಿಕೊಳ್ಳಬಹುದು. ಗಣಿತವನ್ನು ಮಾತ್ರ ಬಿಡಿಸಬೇಡಿ. ಅರ್ಥಶಾಸ್ತ್ರದಲ್ಲಿ ಎಂಎ ಓದಲು ಒಳ್ಳೆಯ ಸಂಸ್ಥೆಗಳಿಗೆ ಹೋಗುವಾಗ ಗಣಿತ ಇಲ್ಲದವರು ಹಿಂದೆ ಬೀಳುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಪ್ರವೇಶಕ್ಕೆ ಹಣ ಕಟ್ಟುವ ಮುನ್ನ ಒಂದು ಕೆಲಸ ಮಾಡಿ. ಕಳೆದ ಹಂಗಾಮಿನ ನಿಮ್ಮ ಕಿರ್ದಿ, ಖಾತೆ ಪುಸ್ತಕ, ಕೋಲ್ಡ್ ಸ್ಟೋರೇಜ್ ರಸೀದಿ, ಅಡತಿ ಅಂಗಡಿಯ ಪಟ್ಟಿ ಎಲ್ಲವನ್ನೂ ಮಗಳ ಮುಂದಿಟ್ಟು, ಒಂದು ಕಿಲೋ ಒಣದ್ರಾಕ್ಷಿ ಎಷ್ಟಕ್ಕೆ ಬಿತ್ತೆಂದು ಲೆಕ್ಕ ತೆಗೆಯಲು ಹೇಳಿ; ಒಂದು ವಾರ ಸಮಯ ಕೊಡಿ. ಅಂಕಿಗಳನ್ನು ಅಚ್ಚುಕಟ್ಟಾಗಿ ಹೊಂದಿಸುವುದರಲ್ಲೇ ಅವಳು ಮುಳುಗಿಹೋದರೆ ಬಿಕಾಂ ವಿಚಾರವನ್ನು ಮತ್ತೊಮ್ಮೆ ಮಾತಾಡಿ. ಹೋದ ವರ್ಷ ದರ ಏಕೆ ಕುಸಿಯಿತು, ಮಹಾರಾಷ್ಟ್ರದ ಒಣದ್ರಾಕ್ಷಿ ಮಾರುಕಟ್ಟೆ ತಾಸಗಾಂವದ ದರಕ್ಕೂ ವಿಜಯಪುರದ ದರಕ್ಕೂ ಏಕೆ ಅಂತರ ಎಂದು ಅವಳೇ ನಿಮ್ಮನ್ನು ಕೇಳತೊಡಗಿದರೆ ಅರ್ಥಶಾಸ್ತ್ರಕ್ಕೇ ಸೇರಿಸಿ.